ಉದಯನನನ್ನು ಕಟ್ಟಿದ ಆನೆ, ಆನೆಯನ್ನು ಬಿಡಿಸುವ ಆನೆ

ಕಥೆಯೊಳಗಿನ ಪ್ರಾಣಿಗೆ ಕೈಯಿಂದ ಜೀವ ತುಂಬಬೇಕೆಂಬ ಹಂಬಲ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ಅಜ್ಜಿ ಹೇಳಿದ ಗರುಡನೂ, ತೇರಿನ ಕೆತ್ತನೆಯಲ್ಲಿ ಕಂಡ ಗಂಡಭೇರುಂಡವೂ ನಮ್ಮ ಕಣ್ಣೆದುರು ಕತ್ತು ತಿರುಗಿಸಿ, ರೆಪ್ಪೆ ಬಡಿದು, ಉಸಿರೆಳೆದುಕೊಂಡರೆ ಹೇಗಿದ್ದೀತೆಂದು ಬೆರಗಾಗದ ಬಾಲ್ಯವಿಲ್ಲ. ಆ ಬೆರಗನ್ನೇ ವೃತ್ತಿಯಾಗಿ ಮಾಡಿಕೊಂಡವರು ಇಂದು ಲೋಕದಲ್ಲಿ ಅನೇಕರಿದ್ದಾರೆ. ಉಕ್ಕಿನ ಎಲುಬು, ರಬ್ಬರಿನ ಚರ್ಮ, ವಿದ್ಯುತ್ತಿನ ನರ ಇವುಗಳಿಂದ ಪ್ರಾಣಿಯನ್ನು ಕಟ್ಟುವ ಈ ವಿದ್ಯೆಗೆ ಅನಿಮೇಟ್ರಾನಿಕ್ಸ್ ಎಂದು ಹೆಸರು. ನಾವು ಅದನ್ನು ಯಂತ್ರಪ್ರಾಣಿಯ ವಿದ್ಯೆಯೆಂದು ಕರೆದರೆ ತಪ್ಪಾಗಲಾರದು.

ಈ ವಿಷಯವನ್ನು ವಾಚಕರ ಮುಂದಿಡುವುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ನಮ್ಮ ತಾಯ್ನಾಡಿನ ಧರ್ಮಪೀಠಗಳ ಅಂಗಳಕ್ಕೆ 2024ರಲ್ಲಿ ಯಂತ್ರದ ಆನೆಗಳು ಬಂದು ನಿಂತಿವೆ. ಮಠಕ್ಕೆ ಯಂತ್ರದ ಆನೆ ಸಲ್ಲುವುದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಎರಡನೆಯ ಕಾರಣ, ನಾವು ಈ ಸಾಲುಗಳನ್ನು ಬರೆಯುತ್ತಿರುವ ಪೆರುಂಗುಡಿ. ಒಂದು ಕಡೆ ಪಳ್ಳಿಕರಣೈಯ ಜೌಗುನೆಲ, ಇನ್ನೊಂದು ಕಡೆ ಹಳೆಯ ಮಹಾಬಲಿಪುರದ ರಸ್ತೆ. ನಡುವೆ ಗಾಜಿನ ಗೋಡೆಯ ಕಚೇರಿಗಳು, ಕೈಗಾರಿಕಾ ವಸಾಹತಿನ ಕಾರ್ಖಾನೆಗಳು. ಧಾರವಾಡ, ಶಿವಮೊಗ್ಗ, ಮಂಗಳೂರುಗಳಿಂದ ಬಂದ ನಮ್ಮ ತರುಣರು ಇಲ್ಲಿ ಕಂಪ್ಯೂಟರುಗಳಿಗೆ ಆಜ್ಞೆ ಬರೆಯುವ ಕೆಲಸದಲ್ಲಿದ್ದಾರೆ. ಯಾವ ಗಳಿಗೆಯಲ್ಲಿ ಯಾವ ಮೋಟಾರು ಎಷ್ಟು ತಿರುಗಬೇಕೆಂದು ವಿಧಿಸಬಲ್ಲ ಬುದ್ಧಿ ನಮ್ಮಲ್ಲಿ ಬೇಕಾದಷ್ಟಿದೆ. ಆ ಬುದ್ಧಿ ನಮ್ಮ ಪುರಾಣ ಮತ್ತು ಜನಪದದ ಪ್ರಾಣಿಗಳನ್ನು ಕಟ್ಟಹೊರಟರೆ ಯಾವುದನ್ನು ಕಟ್ಟಬೇಕು, ಯಾವುದನ್ನು ಕಟ್ಟದೆ ಬಿಡಬೇಕು? ಈ ಲೇಖನದ ವಿಚಾರ ಅದೇ.

ಕಪಟದ ಆನೆ

ಯಂತ್ರದ ಆನೆ ನಮ್ಮ ದೇಶಕ್ಕೆ ಹೊಸದೇನಲ್ಲ. ವತ್ಸದೇಶದ ಅರಸ ಉದಯನನು ವೀಣೆ ನುಡಿಸಿ ಮದಗಜಗಳನ್ನು ಮಣಿಸುತ್ತಿದ್ದನೆಂಬುದು ಪ್ರಸಿದ್ಧವಾದ ಕಥೆ. ಅವನನ್ನು ನೇರವಾಗಿ ಹಿಡಿಯಲಾರದ ಉಜ್ಜಯಿನಿಯ ದೊರೆ, ಕಾಡಿನಲ್ಲಿ ಒಂದು ಕೃತಕ ಆನೆಯನ್ನು ನಿಲ್ಲಿಸಿ ಅದರ ಒಡಲಲ್ಲಿ ಯೋಧರನ್ನು ಅಡಗಿಸಿಟ್ಟನು. ಆನೆಯ ಮೋಹದಿಂದ ಉದಯನನು ವೀಣೆ ಹಿಡಿದು ಹತ್ತಿರ ಬಂದೊಡನೆ ಯೋಧರು ಹೊರಬಿದ್ದರು, ಅರಸ ಸೆರೆಯಾದನು. ಭಾಸನ ಹೆಸರಿನಲ್ಲಿ ದೊರೆತಿರುವ 'ಪ್ರತಿಜ್ಞಾಯೌಗಂಧರಾಯಣ' ನಾಟಕಕ್ಕೆ ಈ ಸೆರೆಯೇ ವಸ್ತು. 11ನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ಗುಣಾಢ್ಯನ 'ಬೃಹತ್ಕಥೆ'ಯನ್ನು ಆಧರಿಸಿ ರಚಿಸಿದ 'ಕಥಾಸರಿತ್ಸಾಗರ'ದಲ್ಲಿಯೂ ಇದು ಬರುತ್ತದೆ.

ಇಲ್ಲಿ ಕನ್ನಡಿಗರು, ಅದರಲ್ಲಿಯೂ ಚೆನ್ನೈಯ ಕನ್ನಡಿಗರು, ಗಮನಿಸಬೇಕಾದ ಸಂಗತಿಯೊಂದಿದೆ. ಪೈಶಾಚೀ ಭಾಷೆಯ ಆ ಬೃಹತ್ಕಥೆಯನ್ನು ಗಂಗರ ಅರಸ ದುರ್ವಿನೀತನು ಸಂಸ್ಕೃತಕ್ಕೆ ತಂದನೆಂದು ಗಂಗರ ಶಾಸನಗಳು ಹೇಳುತ್ತವೆ. 'ಕವಿರಾಜಮಾರ್ಗ'ವು ಹೆಸರಿಸುವ ಹಿಂದಿನ ಕನ್ನಡ ಲೇಖಕರಲ್ಲಿಯೂ ಒಬ್ಬ ದುರ್ವಿನೀತನಿದ್ದಾನೆ. ಅವನ ಬೃಹತ್ಕಥೆ ಉಳಿಯಲಿಲ್ಲ. ಆದರೆ ಅದನ್ನೇ ಅನುಸರಿಸಿ ಕೊಂಗುವೇಳಿರ್ ಎಂಬ ಕವಿ ತಮಿಳಿನಲ್ಲಿ ಉದಯನನ ಕಥೆಯಾದ 'ಪೆರುಂಗದೈ'ಯನ್ನು ರಚಿಸಿದನೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಆದಿಯ ಭಾಗ ಕಳೆದುಹೋಗಿರುವ ಆ ಕಾವ್ಯವನ್ನು ಓಲೆಗರಿಗಳಿಂದ ಎತ್ತಿ 1924ರಲ್ಲಿ ಅಚ್ಚಿಗೆ ತಂದವರು ಮಹಾಮಹೋಪಾಧ್ಯಾಯ ಉ. ವೇ. ಸ್ವಾಮಿನಾಥ ಅಯ್ಯರ್. ಅವರ ಹೆಸರಿನ ಗ್ರಂಥಾಲಯ ಪೆರುಂಗುಡಿಗೆ ಕೆಲವೇ ಮೈಲಿ ದೂರದ ಬೆಸೆಂಟ್ ನಗರದಲ್ಲಿದೆ. ಕನ್ನಡ ನಾಡಿನ ಅರಸನ ಕೈಯಿಂದ ತಮಿಳು ಕವಿಯ ಕೈಗೆ ಬಂದ ಕಥೆ ಹೀಗೆ ನಮ್ಮ ನೆರೆಮನೆಯಲ್ಲಿಯೇ ಇದೆ.

ಕವಿಗಳು ಕಲ್ಪಿಸಿದ್ದನ್ನು ಶಾಸ್ತ್ರಕಾರರೂ ಬಿಡಲಿಲ್ಲ. 11ನೆಯ ಶತಮಾನದ ಧಾರಾನಗರದ ಭೋಜರಾಜನ 'ಸಮರಾಂಗಣಸೂತ್ರಧಾರ'ದಲ್ಲಿ ಯಂತ್ರಗಳಿಗೆಂದೇ ಒಂದು ಅಧ್ಯಾಯವಿದೆ. ಮರದ ಹಕ್ಕಿ, ಬಾಗಿಲು ಕಾಯುವ ಮರದ ಆಳು, ದೀಪಕ್ಕೆ ಎಣ್ಣೆ ಹೊಯ್ಯುವ ಬೊಂಬೆ ಮೊದಲಾದವು ಅಲ್ಲಿ ಬರುತ್ತವೆ. ಆದರೆ ಅವನ್ನು ಕಟ್ಟುವ ಕ್ರಮವನ್ನು ಭೋಜನು ಪೂರ್ತಿ ಬಿಚ್ಚಿಡುವುದಿಲ್ಲ. ತಿಳಿಯದೆ ಅಲ್ಲ, ಗುಟ್ಟು ಉಳಿಯಲೆಂದು ಹಾಗೆ ಮಾಡಿದುದಾಗಿ ಅವನೇ ಹೇಳುತ್ತಾನೆ. ಮದರಾಸು ವಿಶ್ವವಿದ್ಯಾನಿಲಯದ ಸಂಸ್ಕೃತ ವಿದ್ವಾಂಸ ಡಾ. ವಿ. ರಾಘವನ್ ಅವರು ಪ್ರಾಚೀನ ಭಾರತದ ಇಂಥ ಯಂತ್ರಗಳನ್ನು ಕುರಿತು ಬರೆದ ಪುಸ್ತಿಕೆಯನ್ನು 1950ರ ದಶಕದಲ್ಲಿ ಬೆಂಗಳೂರು ಬಸವನಗುಡಿಯ ಸಂಸ್ಥೆಯೊಂದು ಪ್ರಕಟಿಸಿತು. ಈ ವಿದ್ಯೆಯ ಚರಿತ್ರೆಯಲ್ಲಿ ಮದರಾಸು, ಬೆಂಗಳೂರುಗಳ ಕೈ ಕೂಡಿದ್ದು ಅದೇ ಮೊದಲಲ್ಲವೆಂಬುದನ್ನು ಮೇಲಿನ ಮಾತುಗಳಿಂದ ವಾಚಕರು ಊಹಿಸಬಹುದು.

ಕಲ್ಪನೆಯಲ್ಲದ, ಕಣ್ಣಿಗೆ ಕಾಣುವ ಯಂತ್ರಪ್ರಾಣಿಯೂ ನಮ್ಮ ನಾಡಿನದೇ ಒಂದುಂಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪು ಸುಲ್ತಾನನ ಅರಮನೆಯಲ್ಲಿ ಇಂಗ್ಲಿಷರಿಗೆ ಬಣ್ಣದ ಮರದ ಹುಲಿಯೊಂದು ಸಿಕ್ಕಿತು. ಕೆಳಗೆ ಬಿದ್ದ ಐರೋಪ್ಯನ ಮೇಲೆ ಅದು ಎರಗಿದೆ. ಪಕ್ಕದ ಹಿಡಿಕೆಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ. ಹುಲಿ ಗುರುಗುಟ್ಟುತ್ತದೆ, ಬಿದ್ದವನು ನರಳುತ್ತಾನೆ, ಅವನ ಕೈ ಮೇಲೇಳುತ್ತದೆ. ಹುಲಿಯ ಒಡಲಲ್ಲಿ ಒಂದು ಸಣ್ಣ ಆರ್ಗನ್ ವಾದ್ಯವೂ ಇದೆ. ಅದನ್ನು ಲಂಡನ್ನಿಗೆ ಸಾಗಿಸಿ ಈಸ್ಟ್ ಇಂಡಿಯಾ ಕಂಪೆನಿಯ ಸಂಗ್ರಹಾಲಯದಲ್ಲಿ ಜನರ ನೋಟಕ್ಕಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಪೆಟ್ಟಿಗೆ ಛಾವಣಿ ಕುಸಿದು ಹುಲಿ ನೂರಾರು ಚೂರಾಯಿತು, ಮತ್ತೆ ಜೋಡಿಸಿದರು. ಇಂದು ಅದು ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ.

ಉದಯನನ ಆನೆ ಮೋಸಕ್ಕಾಗಿ ಹುಟ್ಟಿತು. ಟಿಪ್ಪುವಿನ ಹುಲಿ ಹಗೆಯನ್ನು ಸಾರುವುದಕ್ಕಾಗಿ ಹುಟ್ಟಿತು. ಎರಡರಲ್ಲಿಯೂ ಕುಶಲತೆಗೆ ಕೊರತೆಯಿರಲಿಲ್ಲ. ಯಂತ್ರಪ್ರಾಣಿಯ ಯೋಗ್ಯತೆಯನ್ನು ಕುಶಲತೆಯೊಂದರಿಂದಲೇ ಅಳೆಯಲಾಗದು, ಅದು ಯಾರ ಕೆಲಸಕ್ಕೆ ನಿಂತಿದೆಯೆಂದು ಕೇಳಬೇಕು ಎಂಬುದಕ್ಕೆ ಇವೆರಡೇ ಸಾಕು.

ಜೀವದ ಭ್ರಮೆ ಹುಟ್ಟುವ ಬಗೆ

ಈಗ ಇದನ್ನು ಕಟ್ಟುವ ಬಗೆಯನ್ನು ನೋಡೋಣ. ಮೊದಲು ಜೇಡಿಮಣ್ಣಿನಲ್ಲಿ ಪ್ರಾಣಿಯ ರೂಪವನ್ನು ಮಾಡುತ್ತಾರೆ. ಪುರಸವಾಕ್ಕದ ಕೊಸಪೇಟೆಯಲ್ಲಿ ಗಣಪತಿಯನ್ನೂ ನವರಾತ್ರಿಯ ಬೊಂಬೆಗಳನ್ನೂ ಮಾಡುವ ಕುಂಬಾರರ ಕೈಚಳಕಕ್ಕೂ ಇದಕ್ಕೂ ಇಲ್ಲಿಯವರೆಗೆ ಭೇದವಿಲ್ಲ. ಆ ರೂಪದಿಂದ ಅಚ್ಚು ತೆಗೆದು, ಅಚ್ಚಿನಲ್ಲಿ ರಬ್ಬರನ್ನೋ ಸಿಲಿಕೋನನ್ನೋ ಹೊಯ್ದು ಚರ್ಮವನ್ನು ಪಡೆಯುತ್ತಾರೆ. ಒಳಗೆ ಉಕ್ಕಿನ ಕೊಳವೆಗಳ ಎಲುಬುಗೂಡು. ಅದರ ಮೇಲೆ ಫೈಬರಿನ ಹೊದಿಕೆ. ಮಾಂಸದ ಮೆತ್ತನೆಗೆ ಫೋಮು. ಮೋಟಾರು ಸುತ್ತುವುದನ್ನಷ್ಟೇ ಬಲ್ಲದು. ಆ ಸುತ್ತನ್ನು ಹಿಂದುಮುಂದಿನ ಚಲನೆಯಾಗಿ ಮಾರ್ಪಡಿಸುವುದಕ್ಕೆ ಹೊಲಿಗೆಯಂತ್ರದಲ್ಲಿರುವಂತೆ ಒಂದು ಸಣ್ಣ ತೋಳು, ಒಂದು ಕಡ್ಡಿ ಸಾಕು. ಆ ಕಡ್ಡಿಯ ತುದಿಗೆ ಕಿವಿಯನ್ನು ಕಟ್ಟಿದರೆ ಕಿವಿ ಬೀಸುತ್ತದೆ, ಬಾಲವನ್ನು ಕಟ್ಟಿದರೆ ಬಾಲ ಆಡುತ್ತದೆ.

ಕಷ್ಟವಿರುವುದು ಸೊಂಡಿಲಿನಲ್ಲಿ. ಆನೆಯ ಸೊಂಡಿಲಿಗೆ ಮೂಳೆಯೆಂಬುದೇ ಇಲ್ಲ. ಅದು ಹತ್ತಾರು ಸಾವಿರ ಸ್ನಾಯುಕಟ್ಟುಗಳ ಹೆಣಿಗೆ. ಯಂತ್ರದಲ್ಲಿ ಅದಕ್ಕೆ ಬದಲು ಉಂಗುರಗಳನ್ನು ಒಂದರ ಹಿಂದೊಂದು ಪೋಣಿಸಿ, ಅಂಚಿನಲ್ಲಿ ತಂತಿಗಳನ್ನು ಹಾಯಿಸಿ, ಒಂದನ್ನು ಎಳೆದು ಇನ್ನೊಂದನ್ನು ಸಡಿಲಿಸುವುದುಂಟು. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಬೊಂಬೆಯಾಟವನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ಕೊಗ್ಗ ದೇವಣ್ಣ ಕಾಮತರ ಮನೆತನದವರು ಯಕ್ಷಗಾನದ ವೇಷ ತೊಡಿಸಿದ ಮರದ ಬೊಂಬೆಗಳನ್ನು ಸೂತ್ರದಿಂದ ಕುಣಿಸಿ ದೇಶವಿದೇಶಗಳಲ್ಲಿ ಕೀರ್ತಿ ಪಡೆದರು. ಅಲ್ಲಿ ಸೂತ್ರ ಬೆರಳಿನಲ್ಲಿತ್ತು. ಇಲ್ಲಿ ಮೋಟಾರಿನ ಗಾಲಿಯಲ್ಲಿದೆ. ಭಾಗವತರ ತಾಳವನ್ನು ಕೇಳಿ ಬೆರಳು ಆಡುತ್ತಿದ್ದಂತೆ, ಇಲ್ಲಿ ಬರೆದಿಟ್ಟ ಆಜ್ಞೆಯನ್ನು ಅನುಸರಿಸಿ ಮೋಟಾರು ಆಡುತ್ತದೆ.

ಆದರೆ ಚಲನೆಯೊಂದೇ ಜೀವವಲ್ಲ. ಎರಡು ಕಿವಿಗಳೂ ಗಡಿಯಾರದ ಲೋಲಕದಂತೆ ಒಂದೇ ಅಳತೆಯಲ್ಲಿ ಬೀಸಿದರೆ ಮಗು ಕೂಡ ಅದು ಬೊಂಬೆಯೆಂದು ಹೇಳೀತು. ಜೀವವಿರುವ ಪ್ರಾಣಿ ಅಳತೆ ತಪ್ಪುತ್ತದೆ, ನಡುನಡುವೆ ಸುಮ್ಮನಾಗುತ್ತದೆ, ಏನನ್ನೋ ಕೇಳಿದಂತೆ ತಟ್ಟನೆ ನಿಲ್ಲುತ್ತದೆ. ಆನೆ ಕಿವಿ ಬೀಸುವುದಕ್ಕೂ ಕಾರಣವಿದೆ. ಮನುಷ್ಯನಂತೆ ಬೆವರಲಾರದ ಅದು, ಕಿವಿಯ ತೆಳುಚರ್ಮದ ಕೆಳಗೆ ಹರಿಯುವ ರಕ್ತವನ್ನು ಗಾಳಿಯಿಂದ ತಂಪು ಮಾಡಿಕೊಳ್ಳುತ್ತದೆ. ಬಿಸಿಲೇರಿದಂತೆ ಬೀಸು ಹೆಚ್ಚಬೇಕು, ನೆರಳಿಗೆ ಬಂದಾಗ ಇಳಿಯಬೇಕು. ಇಷ್ಟನ್ನು ಗಮನಿಸಿದ ಕಲಾವಿದನ ಆನೆಗೂ ಗಮನಿಸದವನ ಆನೆಗೂ ಮೋಟಾರು ಒಂದೇ ಆದರೂ ವ್ಯತ್ಯಾಸ ಅಜಗಜಾಂತರ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಸರಪಳಿಯಲ್ಲಿ ನಿಂತ ಆನೆ ಬಿಡುವಿಲ್ಲದೆ ತಲೆ ತೂಗುವುದನ್ನೂ, ಮೈಯನ್ನು ಎಡಕ್ಕೂ ಬಲಕ್ಕೂ ವಾಲಿಸುವುದನ್ನೂ ನಾವೆಲ್ಲರೂ ಕಂಡಿದ್ದೇವೆ. ನಾಗಸ್ವರಕ್ಕೆ ತಲೆದೂಗುತ್ತಿದೆಯೆಂದು ಮಕ್ಕಳಿಗೆ ಹೇಳುವವರೂ ಇದ್ದಾರೆ. ಪ್ರಾಣಿಶಾಸ್ತ್ರಜ್ಞರು ಹೇಳುವುದು ಬೇರೆ. ಕಾಡಿನಲ್ಲಿ ಅಲೆಯಬೇಕಾದ, ಬಳಗದೊಡನೆ ಬಾಳಬೇಕಾದ ಪ್ರಾಣಿಯನ್ನು ಒಂದೆಡೆ ಕಟ್ಟಿಹಾಕಿದಾಗ ಅದರ ಮನಸ್ಸಿನ ಬೇಗೆ ಹೀಗೆ ಹೊರಬೀಳುತ್ತದೆ; ಸ್ವತಂತ್ರವಾಗಿರುವ ಆನೆಗಳಲ್ಲಿ ಈ ತೂಗಾಟ ಬಲು ಅಪೂರ್ವ. ಯಂತ್ರದ ಆನೆಯನ್ನು ರಚಿಸುವವನು ಕಟ್ಟಿಹಾಕಿದ ಆನೆಯನ್ನೇ ಮಾದರಿಯಾಗಿ ಇಟ್ಟುಕೊಂಡರೆ, ಅದರ ಅಂದದೊಡನೆ ಅದರ ಸಂಕಟವನ್ನೂ ನಕಲು ಮಾಡಿದಂತಾಗುತ್ತದೆ. ನಾಳೆಯ ಮಕ್ಕಳು ಆ ತೂಗಾಟವನ್ನೇ ಆನೆಯ ಸ್ವಭಾವವೆಂದು ತಿಳಿದಾರು.

ಮಠದ ಅಂಗಳದಲ್ಲಿ

2023ರ ಫೆಬ್ರವರಿಯಲ್ಲಿ ಕೇರಳದ ತ್ರಿಶ್ಶೂರು ಜಿಲ್ಲೆಯ ಇರಿಂಜಾಡಪ್ಪಿಳ್ಳಿ ಶ್ರೀಕೃಷ್ಣ ದೇವಸ್ಥಾನದಲ್ಲಿ 'ರಾಮನ್' ಎಂಬ ಯಂತ್ರದ ಆನೆಯನ್ನು ನಡೆಗಿರಿಸಿದರು. ಪ್ರಾಣಿದಯೆಯ ಕೆಲಸ ಮಾಡುವ ಪೇಟಾ ಇಂಡಿಯಾ ಸಂಸ್ಥೆಯ ದಾನವದು. ಎತ್ತರ ಹತ್ತೂವರೆ ಅಡಿ, ತೂಕ ಸುಮಾರು 800 ಕಿಲೋಗ್ರಾಂ, ಒಳಗೆ ಐದು ಮೋಟಾರುಗಳು. ಅದು ಕಣ್ಣು, ಕಿವಿ, ತಲೆ, ಬಾಲಗಳನ್ನು ಆಡಿಸುತ್ತದೆ, ಸೊಂಡಿಲೆತ್ತಿ ನೀರು ಚಿಮ್ಮಿಸುತ್ತದೆ, ಬೆನ್ನ ಮೇಲೆ ಜನರನ್ನು ಹೊರುತ್ತದೆ. ಗಾಲಿಗಳ ಮೇಲೆ ನಿಂತಿರುವುದರಿಂದ ಬೀದಿಯಲ್ಲಿ ಎಳೆದೊಯ್ಯಬಹುದು. 2024ರಲ್ಲಿ ಮೈಸೂರು ಸೀಮೆಯ ಸುತ್ತೂರು ಶ್ರೀಕ್ಷೇತ್ರಕ್ಕೆ 'ಶಿವ' ಬಂದಿತು. ಅದೇ ವರ್ಷ ಡಿಸೆಂಬರಿನಲ್ಲಿ ಚಿಕ್ಕಮಗಳೂರು ಜಿಲ್ಲೆಯ ರಂಭಾಪುರಿ ಪೀಠಕ್ಕೆ, ಮಂಗಳೂರು ಮೂಲದ ಚಲಚ್ಚಿತ್ರ ನಟಿ ಶಿಲ್ಪಾ ಶೆಟ್ಟಿಯವರು ಪೇಟಾದೊಡನೆ ಸೇರಿ 'ವೀರಭದ್ರ'ನನ್ನು ಒಪ್ಪಿಸಿದರು. ಜೀವಂತ ಆನೆಯನ್ನು ಸಾಕುವುದಿಲ್ಲ, ಬಾಡಿಗೆಗೆ ತರುವುದೂ ಇಲ್ಲ ಎಂದು ನಿಶ್ಚಯಿಸಿದ ಕ್ಷೇತ್ರಗಳಿಗೆ ಇವು ಸಲ್ಲುತ್ತವೆ.

ಇದರ ಅಗತ್ಯವೇನೆಂದು ಕೇಳುವವರಿಗೆ ಉತ್ತರ ದೂರದಲ್ಲಿಲ್ಲ. 2024ರ ನವೆಂಬರಿನಲ್ಲಿ ತಿರುಚೆಂದೂರಿನ ದೇವಸ್ಥಾನದ ಆನೆ ತನ್ನ ಮಾವುತನನ್ನೂ ಅವನ ಬಂಧುವನ್ನೂ ಕೊಂದಿತು. 2025ರ ಫೆಬ್ರವರಿಯಲ್ಲಿ ಕೋಳಿಕ್ಕೋಡು ಜಿಲ್ಲೆಯ ಕೊಯಿಲಾಂಡಿಯ ಬಳಿ ಉತ್ಸವದಲ್ಲಿ ಆನೆಗಳು ಬೆದರಿ ಮೂವರು ಸತ್ತರು. ಆನೆ ದುಷ್ಟವೆಂದು ಹೇಳಿ ಕೈ ತೊಳೆದುಕೊಳ್ಳಬಹುದೆ? ಪಟಾಕಿ, ತಮಟೆ, ದೀಪ, ಜನಸಂದಣಿ, ಕಾಲಿಗೆ ಕಬ್ಬಿಣ ಇವುಗಳ ನಡುವೆ ಕಾಡಿನ ಪ್ರಾಣಿ ದಿನವೂ ಶಾಂತವಾಗಿರಬೇಕೆಂದು ಬಯಸುವುದೇ ಅನ್ಯಾಯ. ಮದರಾಸು ಉಚ್ಚ ನ್ಯಾಯಾಲಯದ ಮಧುರೆಯ ಪೀಠವೂ 2023ರಲ್ಲಿ, ದೇವಸ್ಥಾನಗಳು ಇನ್ನು ಹೊಸದಾಗಿ ಆನೆಗಳನ್ನು ಪಡೆಯದಂತೆ ಕ್ರಮ ಕೈಗೊಳ್ಳಬೇಕೆಂದು ಸರಕಾರಕ್ಕೆ ನಿರ್ದೇಶಿಸಿತು.

ಯಂತ್ರವನ್ನು ದೇವರ ಮುಂದೆ ನಿಲ್ಲಿಸುವುದು ಅಪಚಾರವಲ್ಲವೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಭಕ್ತಿಯಿಂದ ಹುಟ್ಟಿದುದು. ಅದನ್ನು ನಕ್ಕು ತಳ್ಳಬಾರದು. ಆದರೆ ಮೈಲಾಪುರದ ಪಂಗುಣಿ ಉತ್ಸವವನ್ನು ನೋಡಿದವರು ಯೋಚಿಸಲಿ. ಕಪಾಲೀಶ್ವರನು ಏರಿ ಬರುವ ಅಧಿಕಾರ ನಂದಿ ಜೀವಂತ ನಂದಿಯೆ? ನಮ್ಮ ಊರುಗಳ ಅಶ್ವವಾಹನ, ಗಜವಾಹನ, ಗರುಡವಾಹನಗಳೆಲ್ಲ ಮರ, ಲೋಹ, ಬಣ್ಣಗಳಿಂದಾದವು. ಹೊರುವವರು ಹೆಜ್ಜೆಯ ಲಯದಿಂದ ಮರದ ಕುದುರೆಯನ್ನು ಕುಣಿಸಿದಾಗ ಭಕ್ತರ ಕಣ್ಣು ಒದ್ದೆಯಾಗುತ್ತದೆ. ದೇವರಿಗೆ ಕೃತಕ ಪ್ರಾಣಿಯನ್ನು ಒಪ್ಪಿಸುವ ಪದ್ಧತಿಯನ್ನು ಇಂದಿನವರು ಹೊಸದಾಗಿ ತರಲಿಲ್ಲ. ವಾಹನ ಕೆತ್ತಿದ ಬಡಗಿ ಮೊದಲೇ ತಂದಿದ್ದಾನೆ. ಮೋಟಾರು ಅವನ ಉಳಿಯ ಮುಂದುವರಿಕೆಯಷ್ಟೆ.

ಅಡುಗೆಮನೆಯಿಂದ ಈ ವೃತ್ತಿಗೆ ಬಂದ ನಮಗೆ ಒಂದು ಹೋಲಿಕೆ ಹೊಳೆಯುತ್ತದೆ. ವಿದ್ಯುತ್ತಿನ ರುಬ್ಬುವ ಯಂತ್ರ ಹೋಟೆಲುಗಳಿಗೆ ಕಾಲಿಟ್ಟಾಗ ಇಡ್ಲಿಯ ರುಚಿ ಕೆಟ್ಟಿತೆಂದು ಅನೇಕರು ಮರುಗಿದರೆಂದು ಹಿರಿಯರು ಹೇಳುತ್ತಿದ್ದರು. ಬೆಳಗಿನ ಜಾವಕ್ಕೆದ್ದು ಒರಳಿನ ಮುಂದೆ ಕುಳಿತು ತೋಳು ಸವೆಸಿಕೊಳ್ಳುತ್ತಿದ್ದ ಹುಡುಗನ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ಯಂತ್ರ ಬಂದು ಅವನ ತೋಳನ್ನು ಬಿಡಿಸಿತು. ಆದರೆ ಉದ್ದು ಹದಕ್ಕೆ ಬಂದಿತೆ, ಚಿಟಿಕೆ ಹಿಟ್ಟು ನೀರಿನಲ್ಲಿ ತೇಲುವುದೆ ಎಂದು ನೋಡುವುದಕ್ಕೆ ಅಡುಗೆ ಭಟ್ಟರ ಬೆರಳೇ ಇಂದಿಗೂ ಬೇಕು. ಭಾರವನ್ನು ಯಂತ್ರಕ್ಕೆ ಕೊಡಬಹುದು, ಹದವನ್ನು ಕೊಡಲಾಗದು. ಯಂತ್ರಪ್ರಾಣಿಯ ವಿಷಯದಲ್ಲಿಯೂ ನಮ್ಮ ಅಳತೆ ಇದೇ.

ಎಲ್ಲಿ ನಿಲ್ಲಬೇಕು

ಈ ಅಳತೆಯನ್ನು ಹಿಡಿದು ನೋಡಿದರೆ ಕೈಯಿಡಬಾರದ ಜಾಗವೂ ಸ್ಪಷ್ಟವಾಗುತ್ತದೆ. ತುಳುನಾಡಿನ ಪಂಜುರ್ಲಿಯನ್ನು ತೆಗೆದುಕೊಳ್ಳಿ. ಹಂದಿಯ ಮುಖದ ಆ ದೈವ ಕಲಾವಿದನ ಕಣ್ಣಿಗೆ ಎಂಥ ಆಕರ್ಷಣೆ! 2022ರಲ್ಲಿ 'ಕಾಂತಾರ' ಚಲಚ್ಚಿತ್ರ ತೆರೆಕಂಡ ಮೇಲೆ ಊರೂರಿನ ವೇದಿಕೆಗಳಲ್ಲಿ ದೈವದ ವೇಷ ತೊಟ್ಟು ಕುಣಿಯುವುದು ಹೆಚ್ಚಿತು. ದೈವವನ್ನು ನಂಬಿದವರು ನೊಂದು ಪ್ರತಿಭಟಿಸಿದರು. ಅವರ ನೋವಿಗೆ ಅರ್ಥವಿದೆ. ಮೆಕ್ಕೆಕಟ್ಟಿನ ಬೃಹತ್ತಾದ ಮರದ ಮೂರ್ತಿಗಳನ್ನು ಕಂಡವರಿಗೆ ತುಳುವರು ಮರದಲ್ಲಿ ರೂಪ ಕೊಡುವುದಕ್ಕೆ ಹಿಂಜರಿದವರಲ್ಲವೆಂದು ತಿಳಿದಿದೆ. ಆದರೆ ಕೋಲದಲ್ಲಿ ಮುಖ್ಯವಾದುದು ರೂಪವಲ್ಲ, ನುಡಿ. ವ್ರತ ಹಿಡಿದ ಮನುಷ್ಯನೊಬ್ಬನ ಮೈಮೇಲೆ ದೈವ ಬಂದು, ಊರಿನ ವ್ಯಾಜ್ಯ ಕೇಳಿ, ಅಭಯ ಕೊಡುತ್ತದೆ. ಅಲ್ಲಿ ಯಂತ್ರ ಯಾವ ಭಾರವನ್ನು ಇಳಿಸೀತು? ಯಾರನ್ನು ಬಿಡಿಸೀತು? ಹೊಣೆ ಹೊರಬೇಕಾದ ಮನುಷ್ಯನನ್ನೇ ಅದು ಹೊರಗೆ ಕಳುಹಿಸುತ್ತದೆ. ವಾಹನ ಯಂತ್ರವಾಗಬಹುದು, ದೈವ ಯಂತ್ರವಾಗಬಾರದು ಎಂಬುದು ನಮ್ಮ ಖಚಿತವಾದ ಅಭಿಪ್ರಾಯ.

ಹಾಗೆಂದು ಕೈ ಕಟ್ಟಿ ಕೂರಬೇಕಾಗಿಲ್ಲ. ಜರ್ಮನಿಯ ಬವೇರಿಯಾದ ಫುರ್ತ್ ಇಮ್ ವಾಲ್ಡ್ ಎಂಬ ಸಣ್ಣ ಊರಿನಲ್ಲಿ ವೀರನೊಬ್ಬ ಘಟಸರ್ಪವನ್ನು ಇರಿಯುವ ಜಾನಪದ ನಾಟಕ ಶತಮಾನಗಳಿಂದ ನಡೆಯುತ್ತಿದೆ. 2010ರಲ್ಲಿ ಊರಿನವರು ಅದಕ್ಕೆ 'ಟ್ರಾಡಿನ್ನೋ' ಎಂಬ ಯಂತ್ರದ ಘಟಸರ್ಪವನ್ನು ತಂದರು. ಅದರ ಉದ್ದ 15 ಮೀಟರಿಗೂ ಹೆಚ್ಚು, ತೂಕ ಸುಮಾರು 11 ಟನ್ನು; ನಾಲ್ಕು ಕಾಲಿನಲ್ಲಿ ನಡೆದು, ರೆಕ್ಕೆ ಬಿಚ್ಚಿ, ಬೆಂಕಿಯುಗುಳುತ್ತದೆ. ಫ್ರಾನ್ಸಿನ ನಾಂತ್ ನಗರದಲ್ಲಿ 2007ರಿಂದ 12 ಮೀಟರು ಎತ್ತರದ ಯಂತ್ರದ ಆನೆ ಸುಮಾರು 50 ಜನರನ್ನು ಹೊತ್ತು ತಿರುಗುತ್ತಿದೆ. ಮರದ ಹಲಗೆ, ಕೀಲುಗಳು ಎಲ್ಲರಿಗೂ ಕಾಣುವಂತೆ ಅದನ್ನು ಬಿಟ್ಟಿದ್ದಾರೆ. ತಾನು ಯಂತ್ರವೆಂಬುದನ್ನು ಮರೆಮಾಚದೆಯೇ ಅದು ಮಕ್ಕಳನ್ನು ಮರುಳು ಮಾಡುತ್ತದೆ. ಉದಯನನ ಆನೆಯ ಕಪಟಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ನಮ್ಮಲ್ಲಿಯೂ ಇಂಥ ಕೆಲಸಕ್ಕೆ ವಸ್ತುವಿಗೇನೂ ಬರವಿಲ್ಲ. ರೆಕ್ಕೆ ಕಡಿದುಕೊಂಡು ಬಿದ್ದ ಜಟಾಯು ಇದ್ದಾನೆ. ಕರ್ನಾಟಕದ ಲಾಂಛನವಾದ ಗಂಡಭೇರುಂಡವಿದೆ. ಮೊಸಳೆಯೊಡನೆ ಹೋರಾಡಿದ ಗಜೇಂದ್ರನಿದ್ದಾನೆ. ರಿಚ್ಚಿ ಬೀದಿಯಲ್ಲಿ ಮೋಟಾರು, ಪರಿಕರಗಳು ದೊರೆಯುತ್ತವೆ. ಪೆರುಂಗುಡಿಯಲ್ಲಿ ಆಜ್ಞೆ ಬರೆಯುವ ತರುಣರಿದ್ದಾರೆ. ಕೊಸಪೇಟೆಯಲ್ಲಿ ಮಣ್ಣಿನ ಕೈ ಇದೆ. ನವರಾತ್ರಿಗೆ ನಮ್ಮ ಕನ್ನಡ ಸಂಘಗಳು ಇವರನ್ನು ಒಂದೆಡೆ ಕೂಡಿಸಿದರೆ ಅಷ್ಟು ಸಾಕು.

ಕೊನೆಗೆ ಒಂದು ಮಾತು. ಯಂತ್ರದ ಆನೆ ಬಂದಿತೆಂದು ಮಾವುತನನ್ನು ಬೀದಿಗೆ ಬಿಡಬಾರದು. ದುಬಾರೆ, ಮತ್ತಿಗೋಡುಗಳಂಥ ಶಿಬಿರಗಳಲ್ಲಿ ತಲೆಮಾರುಗಳಿಂದ ಆನೆಯೊಡನೆ ಬಾಳಿದ ಜೇನುಕುರುಬರ ಮಾವುತರಿಗೆ ಆನೆಯ ಕಿವಿ ಯಾವಾಗ ನಿಲ್ಲುತ್ತದೆ, ಸೊಂಡಿಲು ಏನನ್ನು ಹುಡುಕುತ್ತದೆ ಎಂಬುದು ತಿಳಿದಿರುವಷ್ಟು ಯಾವ ಎಂಜಿನಿಯರಿಗೂ ತಿಳಿದಿಲ್ಲ. ಯಂತ್ರಪ್ರಾಣಿಯನ್ನು ಕಟ್ಟಹೊರಡುವ ತರುಣರು ಮೊದಲು ಅವರ ಬಳಿಗೆ ಹೋಗಲಿ, ಅವರಿಗೆ ಗುರುವಿನ ಮರ್ಯಾದೆಯನ್ನೂ ದುಡಿಮೆಯ ಸಂಬಳವನ್ನೂ ಕೊಡಲಿ. ದೇವಸ್ಥಾನದಲ್ಲಿ ಈಗಿರುವ ಆನೆಗಳು ಕಾಡಿನಂಚಿನ ಆಶ್ರಯಗಳಿಗೆ ಹೋದಾಗ ಅವುಗಳನ್ನು ನೋಡಿಕೊಳ್ಳುವುದಕ್ಕೂ ಆ ಕೈಗಳೇ ಬೇಕಲ್ಲವೆ? ಉತ್ಸವದ ಭಾರವನ್ನು ಯಂತ್ರದ ಆನೆ ಹೊರಲಿ. ಕಾಲಿನ ಸರಪಳಿ ಕಳಚಿದ ಜೀವದ ಆನೆ ನೆರಳಿನಲ್ಲಿ ತನ್ನಿಷ್ಟದಂತೆ ಕಿವಿ ಬೀಸಿಕೊಂಡಿರಲಿ ಎಂದು ನಾವು ಹಾರೈಸುತ್ತೇವೆ.